ಊರ ಉಸಾಬರಿ ಅವರಿಗೇಕೆ?

ಶಿವಮೊಗ್ಗದ ಓದುಗರೊಬ್ಬರ ಪತ್ರ ಬಂದಿದೆ. ಅವರ ಮಗನ ಸಂಸಾರ ಅಮೆರಿಕದಲ್ಲಿದೆ. ಮನೆ ಹತ್ತಿರದ ಯಹೂದಿ ಸಮುದಾಯ ಕೇಂದ್ರದಲ್ಲಿ ಒಂದು ದಿನ ನಿರಾಶ್ರಿತರಿಗೆ ಬಟ್ಟೆ ಕೂಡಿಸುತ್ತಾರೆ, ಇನ್ನೊಂದು ದಿನ ಪೂರ್ವ ಯುರೋಪಿನ ಯಹೂದಿಗಳ ಮಾತಾದ ಯಿಡ್ಡಿಷ್‌ನ ಹಳೆಯ ಹಾಡು ಕಲಿಸುತ್ತಾರೆ, ಮತ್ತೊಂದು ದಿನ ಯಹೂದಿ ದ್ವೇಷದ ಬಗ್ಗೆ ಶಾಲಾ ಮಕ್ಕಳಿಗೆ ಪಾಠ ಮಾಡುತ್ತಾರಂತೆ. “ತಮ್ಮ ಮೇಲಿನ ದ್ವೇಷವನ್ನು ಎದುರಿಸಲಿ, ಸರಿ. ಊರ ಉಸಾಬರಿ ಯಾಕೆ? ಸುಮ್ನೆ ಹೆಸರಿಗಾಗಿಯಾ? ನಮ್ಮ ಮೊಮ್ಮಕ್ಕಳು ಅಲ್ಲಿಗೆ ಹೋಗಬಹುದಾ?” ಎಂದು ಕೇಳಿದ್ದಾರೆ.

ಮಾನ್ಯರೇ,

ಬರೀ ಹೆಸರಿಗಾಗಿ ಮಾಡುವ ಕೆಲಸವಾಗಿದ್ದರೆ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಹತ್ಯಾಕಾಂಡದ ನಂತರ ಅದು ನಿಂತುಹೋಗುತ್ತಿತ್ತು. 2018ರ ಅಕ್ಟೋಬರ್ 27, ಶನಿವಾರ. ಅಲ್ಲಿನ ಟ್ರೀ ಆಫ್ ಲೈಫ್ ಸಿನಗಾಗ್‌ಗೆ (ಯಹೂದಿಗಳ ಪ್ರಾರ್ಥನಾ ಮಂದಿರ) ನುಗ್ಗಿದ ಬಂದೂಕುಧಾರಿಯೊಬ್ಬ ಪ್ರಾರ್ಥನೆಗೆ ಬಂದಿದ್ದ 11 ಜನರನ್ನು ಕೊಂದ. ಅದೇ ಕಟ್ಟಡದಲ್ಲಿ ಸೇರುತ್ತಿದ್ದ ಡೋರ್ ಹದಾಶ್ ಎಂಬ ಸಭೆಯವರು ಕೆಲವೇ ದಿನಗಳ ಹಿಂದೆ ನಿರಾಶ್ರಿತರಿಗಾಗಿ ನಡೆದ ವಿಶೇಷ ಪ್ರಾರ್ಥನೆಯಲ್ಲಿ ಪಾಲ್ಗೊಂಡಿದ್ದರು. ಅದಕ್ಕೆ ಕರೆ ಕೊಟ್ಟಿದ್ದು ನಿರಾಶ್ರಿತರಿಗೆ ನೆರವಾಗುವ ಯಹೂದಿ ಸಂಸ್ಥೆ ಹಾಯಸ್. ಕೊಲೆಗಾರ ಆ ಸಂಸ್ಥೆಯ ಹೆಸರು ಹಿಡಿದೇ ಇಂಟರ್‌ನೆಟ್‌ನಲ್ಲಿ ವಿಷ ಕಾರಿದ್ದ. ವಲಸಿಗರ ಮೇಲಿನ ದ್ವೇಷ, ಯಹೂದಿಗಳ ಮೇಲಿನ ದ್ವೇಷ ಅವನ ತಲೆಯಲ್ಲಿ ಬೇರೆ ಬೇರೆ ಇರಲೇ ಇಲ್ಲ. ಹಾಗಿರುವಾಗ ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಎದುರಿಸೋದು ಹೇಗೆ? ಸತ್ತವರ ಕುಟುಂಬಗಳಿಗೆ ಅಮೆರಿಕದ ಮುಸ್ಲಿಂ ಸಂಘಟನೆಗಳು 2 ಲಕ್ಷ ಡಾಲರ್‌ಗೂ ಜಾಸ್ತಿ ಕೂಡಿಸಿದವು. ಇದನ್ನೂ ಮರೆಯಬಾರದು.

ಹಾಯಸ್ ಹುಟ್ಟಿದ್ದು ರಷ್ಯಾ ಸಾಮ್ರಾಜ್ಯದ ಹಿಂಸೆಯಿಂದ ತಪ್ಪಿಸಿಕೊಂಡು ನ್ಯೂಯಾರ್ಕ್‌ಗೆ ಬಂದಿಳಿದ ಯಹೂದಿಗಳಿಗಾಗಿ. ಇವತ್ತು ಅದು ಕೈಹಿಡಿಯುವವರಲ್ಲಿ ಹೆಚ್ಚಿನವರು ಯಹೂದಿಗಳಲ್ಲ.

ನಿಮ್ಮ ಮಗ ಅಲ್ಲಿರುವುದಕ್ಕೂ ಈ ‘ಉಸಾಬರಿ’ಗೂ ನಂಟಿದೆ. 1924ರಲ್ಲಿ ಅಮೆರಿಕ ವಲಸೆ ಬರುವವರಿಗೆ ದೇಶವಾರು ಕೋಟಾ ಕಾನೂನು ತಂದಿತು. ಪೂರ್ವ ಯುರೋಪಿನ ಯಹೂದಿಗಳು ಬರುವುದು ಬಹುಪಾಲು ನಿಂತಿತು. ನಮ್ಮವರಿಗಂತೂ ಬಾಗಿಲೇ ಮುಚ್ಚಿತ್ತು. ಬ್ರೂಕ್ಲಿನ್‌ನಿಂದ ಆಗಷ್ಟೇ ಗೆದ್ದು ಬಂದಿದ್ದ ಯಹೂದಿ ಸಂಸದ ಇಮ್ಯಾನುಯೆಲ್ ಸೆಲ್ಲರ್ ಅದನ್ನು ಅವತ್ತೇ ವಿರೋಧಿಸಿದರು. 1946ರಲ್ಲಿ ಇನ್ನೊಬ್ಬ ಸಂಸದೆಯ ಜೊತೆ ಸೇರಿ ಭಾರತೀಯರಿಗೆ ವರ್ಷಕ್ಕೆ 100 ಜನ ಬರುವ ಅವಕಾಶವನ್ನೂ ಪೌರತ್ವದ ಹಕ್ಕನ್ನೂ ಕೊಡಿಸಿದರು. ಕೊನೆಗೆ 1965ರಲ್ಲಿ ಆ ಕೋಟಾ ಪದ್ಧತಿಯನ್ನೇ ಕಿತ್ತುಹಾಕಿದ ಕಾನೂನನ್ನು ಮಂಡಿಸಿದವರಲ್ಲೂ ಅವರಿದ್ದರು. ನಾಲ್ಕು ದಶಕ ಹಿಡಿದ ಪಟ್ಟು ಅದು! ನಮ್ಮ ಡಾಕ್ಟರುಗಳು, ಎಂಜಿನಿಯರುಗಳು ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಹೋಗಿದ್ದು ಅದಾದ ಮೇಲೆಯೇ.

ಇನ್ನು ಹಾಡಿನ ತರಗತಿ. ನಾಜಿಗಳು ಕೊಂದ 60 ಲಕ್ಷ ಯಹೂದಿಗಳಲ್ಲಿ ಹೆಚ್ಚಿನವರ ಮನೆಮಾತು ಯಿಡ್ಡಿಷ್. ಅಮೆರಿಕಕ್ಕೆ ಬಂದು ಉಳಿದವರ ಮಕ್ಕಳು ಇಂಗ್ಲಿಷಿಗೆ ಹೊರಳಿದರು. ಅಜ್ಜ ಸತ್ತರೆ ಅವರ ಪುಸ್ತಕಗಳು ಕಸದ ತೊಟ್ಟಿಗೆ ಹೋಗುತ್ತಿದ್ದವು. 1980ರಲ್ಲಿ ಆರನ್ ಲಾನ್ಸ್‌ಕಿ ಎಂಬ ವಿದ್ಯಾರ್ಥಿ ಅವುಗಳನ್ನು ಉಳಿಸಲು ಹೊರಟ. ಸಿಗುವುದು 70,000 ಪುಸ್ತಕ ಎಂದು ಬಲ್ಲವರು ಅಂದಾಜು ಮಾಡಿದ್ದರು. ಸಿಕ್ಕಿದ್ದು 10 ಲಕ್ಷಕ್ಕೂ ಹೆಚ್ಚು. ಮುದುಕರು ಒಂದೊಂದೇ ಪುಸ್ತಕ ಕೈಗಿಟ್ಟು ಅದರ ಕಥೆ ಹೇಳುತ್ತಿದ್ದರಂತೆ, ಊಟ ಹಾಕದೆ ಕಳಿಸುತ್ತಿರಲಿಲ್ಲವಂತೆ. ಮ್ಯಾಸಚೂಸೆಟ್ಸ್‌ನ ಆ್ಯಮ್‌ಹರ್ಸ್ಟ್‌ನಲ್ಲಿರುವ, ಲಾನ್ಸ್‌ಕಿ ಕಟ್ಟಿದ ಯಿಡ್ಡಿಷ್ ಪುಸ್ತಕ ಕೇಂದ್ರ ಈಗ ಸಾವಿರಾರು ಪುಸ್ತಕಗಳನ್ನು ಯಾರು ಬೇಕಾದರೂ ಓದುವಂತೆ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಇಟ್ಟಿದೆ. ತನ್ನ ಜನರ ಸಾವಿನ ಲೆಕ್ಕವನ್ನಷ್ಟೇ ಕಲಿತ ಮಗುವಿಗೆ ಭಯ ಮಾತ್ರ ಉಳಿಯುತ್ತದೆ. ಹಾಡೂ ಜೋಕೂ ಬೇಕು, ಅಲ್ವಾ?

ಎಲ್ಲ ಯಹೂದಿಗಳೂ ಇದನ್ನು ಒಪ್ಪುತ್ತಾರೆ ಅಂತೇನಿಲ್ಲ. ಮೊದಲು ನಮ್ಮ ಬಾಗಿಲು ಭದ್ರ ಮಾಡಿಕೊಳ್ಳೋಣ ಎನ್ನುವವರಿದ್ದಾರೆ. ಅವರ ಭಯ ಸುಳ್ಳಲ್ಲ. ಆದರೂ ನನಗೆ ಸರಿ ಕಾಣುವುದು ನೀವು ಹೇಳಿದ ಕೇಂದ್ರದವರ ದಾರಿಯೇ.

ಮೊಮ್ಮಕ್ಕಳನ್ನು ಖಂಡಿತ ಕಳಿಸಲಿ. ಅಮೆರಿಕದ ಇಂಥ ಕೇಂದ್ರಗಳಿಗೆ ಸಾಮಾನ್ಯವಾಗಿ ಯಾವ ಧರ್ಮದವರೂ ಹೋಗಬಹುದು. ಬಾಗಿಲಲ್ಲಿ ಕಾವಲುಗಾರ ಬ್ಯಾಗ್ ತೆಗೆದು ನೋಡಿದರೆ ಬೇಸರ ಮಾಡಿಕೊಳ್ಳುವುದು ಬೇಡ. ಕಾರಣ ಈಗ ನಿಮಗೆ ಗೊತ್ತು. ಬಟ್ಟೆ ಕೂಡಿಸುವ ದಿನವೇ ಮೊದಲು ಹೋಗಲಿ, ಮಡಚಿ ಜೋಡಿಸೋಕೆ ಕೈಗಳು ಎಷ್ಟಿದ್ದರೂ ಸಾಲುವುದಿಲ್ಲ.

– ಸಂಪಾದಕ