ಸಂಪಾದಕರ ಉತ್ತರ: ಸ್ಯಾಟ್ ಅಂಕ ಕಳಿಸದಿದ್ದರೆ ಸೀಟು ಸಿಗಲ್ವಾ?

ದಾವಣಗೆರೆಯ ತಾಯಿಯೊಬ್ಬರು ಬರೆದಿದ್ದಾರೆ: "ಮಗಳು ಎರಡನೇ ಪಿಯುಸಿ. ಅಮೆರಿಕದ ಮೇನ್ ರಾಜ್ಯದ ಬೌಡನ್, ಬೇಟ್ಸ್ ಕಾಲೇಜುಗಳಿಗೆ ಅರ್ಜಿ ಹಾಕ್ತಾಳಂತೆ. ಅಲ್ಲಿಯ ಕಾಲೇಜು ಪ್ರವೇಶ ಪರೀಕ್ಷೆ ಸ್ಯಾಟ್‌ನಲ್ಲಿ 1600ಕ್ಕೆ 1290 ಬಂದಿದೆ. ಅಂಕ ಕಳಿಸೋದು ಕಡ್ಡಾಯ ಅಲ್ಲ ಅಂತಾರೆ. ಅದು ಬರೀ ಬಾಯಿಮಾತು ಅಲ್ವಾ? ಕುಂದುವಾಡ ಕೆರೆಯಲ್ಲಿ ಹಕ್ಕಿ ಎಣಿಸೋದು ಬಿಟ್ಟು ಇನ್ನೊಂದು ಸಲ ಕೋಚಿಂಗಿಗೆ ಸೇರು ಅಂದ್ರೆ ಕೇಳಲ್ಲ."

ಇಲ್ಲಮ್ಮ, ಬಾಯಿಮಾತಲ್ಲ. ಬೌಡನ್ ಈ ನಿಯಮ ತಂದದ್ದು 1969ರಲ್ಲಿ. ಕೋವಿಡ್ ಬಂತು ಅಂತ ಮಾಡಿದ್ದಲ್ಲ. ಬೇಟ್ಸ್ 1984ರಲ್ಲಿ ಸ್ಯಾಟ್ ಕಡ್ಡಾಯ ಕೈಬಿಟ್ಟಿತು. 1990ರಲ್ಲಿ ಉಳಿದ ಪ್ರವೇಶ ಪರೀಕ್ಷೆಗಳ ಕಡ್ಡಾಯವನ್ನೂ ಬಿಟ್ಟಿತು. ಮುಂದೆ 20 ವರ್ಷದ ಲೆಕ್ಕ ತೆಗೆದು ನೋಡಿದರು. ಅಂಕ ಕಳಿಸಿ ಬಂದವರಿಗೂ ಕಳಿಸದೆ ಬಂದವರಿಗೂ ಕಾಲೇಜಿನ ಗ್ರೇಡಿನಲ್ಲಿ ಇದ್ದ ವ್ಯತ್ಯಾಸ ಗರಿಷ್ಠ 4 ಅಂಕಕ್ಕೆ 0.05. ಓದು ಮುಗಿಸಿದವರ ಲೆಕ್ಕದಲ್ಲಿ ಶೇ. 0.1. ಇಷ್ಟೇ. ಇದನ್ನು ಓದಿದ ಮೇಲೆ ಒಂದು ಬೆಳಗಿನ ಪರೀಕ್ಷೆಯ ಬಗ್ಗೆ ನನಗಿದ್ದ ಭಯಭಕ್ತಿ ಹೊರಟೇಹೋಯಿತು.

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು. ಕೋವಿಡ್ ಕಾಲದಲ್ಲಿ ಕಡ್ಡಾಯ ಬಿಟ್ಟಿದ್ದ ಅಮೆರಿಕದ ದೊಡ್ಡ ಹೆಸರಿನ ಸಂಸ್ಥೆಗಳಲ್ಲಿ ಎಂಐಟಿ 2022ರಲ್ಲಿ, ಡಾರ್ಟ್‌ಮತ್ 2024ರಲ್ಲಿ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿದವು. ಬಡ ಮನೆಯ ಕೆಲವು ಮಕ್ಕಳು ತಮಗೆ ಅನುಕೂಲವಾಗುತ್ತಿದ್ದ ಅಂಕವನ್ನೇ ಕಡಿಮೆ ಅಂದುಕೊಂಡು ಕಳಿಸಿರಲಿಲ್ಲ ಅನ್ನೋದು ಡಾರ್ಟ್‌ಮತ್‌ನವರ ವಾದ. ಇರಬಹುದು. ಆದರೆ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರ ಲೆಕ್ಕ ನೋಡಿ. ಅಮೆರಿಕದಲ್ಲಿ ಎಲ್ಲರಿಗಿಂತ ಶ್ರೀಮಂತರಾದ ಶೇ. 1ರಷ್ಟು ಮನೆಗಳ ಮಕ್ಕಳು 1300 ಮುಟ್ಟುವ ಸಾಧ್ಯತೆ ಬಡವರ ಮಕ್ಕಳಿಗಿಂತ 13 ಪಟ್ಟು ಜಾಸ್ತಿ. ದೇವರು ಬುದ್ಧಿಯನ್ನು ಹೀಗೆ ಹಂಚಿರುತ್ತಾನಾ?

ಬೌಡನ್, ಬೇಟ್ಸ್ ಎರಡರಲ್ಲೂ ಎರಡು ಸಾವಿರದೊಳಗೆ ಮಕ್ಕಳು. ಸ್ಯಾಟ್ ಅಂಕ ಇಲ್ಲದಿದ್ದರೆ ಅವರು ನೋಡುವುದು ಮಾರ್ಕ್ಸ್ ಕಾರ್ಡು, ಮಗು ಬರೆದ ಪ್ರಬಂಧ, ಮಗುವಿನ ಬಗ್ಗೆ ಮೇಷ್ಟ್ರು ಬರೆದುಕೊಡುವ ಶಿಫಾರಸು ಪತ್ರ. ನಾವು ಎಡವುವುದು ಆ ಪತ್ರದಲ್ಲೇ.

ಹಿಂದೊಮ್ಮೆ ನನ್ನ ತಂಗಿ ಮಗನ ಜೊತೆ ಇಂಥದ್ದೇ ಪತ್ರ ಕೇಳಲು ಅವನ ಪಿಯು ಕಾಲೇಜಿಗೆ ಹೋಗಿದ್ದೆ. ಕೆಮಿಸ್ಟ್ರಿ ಲೆಕ್ಚರರ್ ಒಳ್ಳೆಯವರು. ಕೈಗೆ ಸೀಮೆಸುಣ್ಣದ ಪುಡಿ ಮೆತ್ತಿತ್ತು. ಕೂತು ಉಸಿರು ಬಿಡಲೂ ಪುರುಸೊತ್ತಿಲ್ಲ. "ಸಾರ್, ನೀವೇ ಟೈಪ್ ಮಾಡಿಸ್ಕೊಂಡು ಬನ್ನಿ, ಸೈನ್ ಮಾಡಿ ಸೀಲ್ ಹಾಕಿ ಕೊಡ್ತೀನಿ" ಅಂದರು. ಆಮೇಲೆ ಹುಡುಗನ ಕಡೆ ತಿರುಗಿ ರೋಲ್ ನಂಬರ್ ಕೇಳಿದರು. ಎರಡು ವರ್ಷ ಪಾಠ ಮಾಡಿದ್ದರು. ಹೊರಗೆ ಬರುವಾಗ ಲ್ಯಾಬಿನ ಅಟೆಂಡರ್ ನನ್ನನ್ನು ನಿಲ್ಲಿಸಿ, "ನಿಮ್ಮ ಹುಡುಗನಾ? ಎಲ್ಲರೂ ಹೋದ ಮೇಲೆ ಉಳ್ಕೊಂಡು ಬ್ಯೂರೆಟ್ ತೊಳೆದಿಟ್ಟು ಹೋಗ್ತಾನೆ" ಅಂದರು. ಪತ್ರಕ್ಕೆ ಬೇಕಿದ್ದ ಮಾತು ಅದೇ ಆಗಿತ್ತು. ಆದರೆ ಆ ಫಾರಂನಲ್ಲಿ ಅಟೆಂಡರಿಗೆ ಜಾಗ ಇರಲಿಲ್ಲ.

ಲೆಕ್ಚರರನ್ನು ಬೈದು ಏನು ಬಂತು? ಒಂದೊಂದು ಸೆಕ್ಷನ್ನಿಗೆ ತೊಂಬತ್ತು ಮಕ್ಕಳನ್ನು ತುಂಬಿ, ಬೆಳಿಗ್ಗೆ ಪಿಯು ಪಾಠ, ಸಂಜೆ ಸಿಇಟಿ, ನೀಟ್ ಅಂತ ಓಡಿಸಿದರೆ ಯಾರು ಯಾರ ಮುಖ ನೋಡಬೇಕು? ಲಕ್ಷಗಟ್ಟಲೆ ಫೀಸು ತಗೊಳ್ತಾರೆ. ಆ ಮಗುವಿನ ಬಗ್ಗೆ ಒಂದು ಪುಟ ಬರೆಯಬಲ್ಲವರು ಇಡೀ ಕಟ್ಟಡದಲ್ಲಿ ಒಬ್ಬರೂ ಇಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೆ.

ನಿಮ್ಮ 1290ರ ವಿಷಯ. ಸೇರಿದ ಮಕ್ಕಳಲ್ಲಿ ನಡುವಿನ ಅರ್ಧದಷ್ಟು ಜನರ ಅಂಕ ಎಲ್ಲಿಂದ ಎಲ್ಲಿವರೆಗೆ ಇತ್ತು ಅಂತ ಕಾಲೇಜುಗಳೇ ಪ್ರಕಟಿಸುತ್ತವೆ. ಅದಕ್ಕಿಂತ ಕೆಳಗಿದ್ದರೆ ಕಳಿಸಬೇಡಿ. ಪ್ರತಿ ಕಾಲೇಜಿನ ಈ ವರ್ಷದ ನಿಯಮ ನೋಡಿಕೊಳ್ಳಿ, ಬದಲಾಗುತ್ತಿರುತ್ತವೆ. ಕೋಚಿಂಗ್ ದುಡ್ಡು ಉಳಿಸಿ.

ಆದರೆ ಹಕ್ಕಿ ಎಣಿಸೋದು ಬಿಡು ಅಂದಿರಲ್ಲ, ಅಲ್ಲಿ ನನಗೆ ಬೇಜಾರಾಯಿತು. ಎಷ್ಟು ವರ್ಷದಿಂದ ಎಣಿಸುತ್ತಿದ್ದಾಳೆ? ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳಾ? ಇದ್ದರೆ ಈ ವಾರವೇ ಅದನ್ನು ಬಯಾಲಜಿ ಲೆಕ್ಚರರ್ ಕೈಗೆ ಕೊಡಲಿ. ಅವರು ನಾಲ್ಕು ಪುಟ ತಿರುವಲಿ, ಎರಡು ಪ್ರಶ್ನೆ ಕೇಳಲಿ. ಪತ್ರದ ಮಾತು ಆಮೇಲೆ ತೆಗೆಯಲಿ. ಅಷ್ಟರೊಳಗೆ ಒಂದು ಭಾನುವಾರ ಬೆಳಿಗ್ಗೆ ನೀವೂ ಅವಳ ಜೊತೆ ಕೆರೆ ಏರಿ ಮೇಲೆ ಹೋಗಿ ನಿಂತುಕೊಳ್ಳಿ.