ದಾಂಪತ್ಯದ ಅಧ್ಯಯನ: ಪ್ರಶ್ನಾವಳಿಯೋ, ಸಂದರ್ಶನವೋ?

ಪ್ರಶ್ನೆ: ನಾನು ಮನಃಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದು, ಗಂಡ-ಹೆಂಡತಿಯ ಜಗಳ ಅವರ ದಾಂಪತ್ಯ ತೃಪ್ತಿಯ ಮೇಲೆ ಬೀರುವ ಪರಿಣಾಮದ ಕುರಿತು ಕಿರುಪ್ರಬಂಧ ಸಿದ್ಧಪಡಿಸಬೇಕಾಗಿದೆ. ಮಾರ್ಗದರ್ಶಕರು ಪ್ರಶ್ನಾವಳಿ ಸಾಕೆನ್ನುತ್ತಾರೆ. ನನಗೆ ಸಂದರ್ಶನದತ್ತ ಒಲವು. ಉಳಿದಿರುವುದು ನಾಲ್ಕು ತಿಂಗಳು. ಯಾವುದು ಸೂಕ್ತ?

ಉತ್ತರ: ವಿಧಾನದ ಮಾತಿಗೆ ಮೊದಲು, ನಿಮ್ಮ ಶೀರ್ಷಿಕೆಯಲ್ಲಿರುವ ‘ಪರಿಣಾಮ’ ಎಂಬ ಪದವನ್ನು ಇನ್ನೊಮ್ಮೆ ನೋಡಿ. ಒಂದೇ ಸಲ ತುಂಬಿಸಿಕೊಂಡ ಪ್ರಶ್ನಾವಳಿಯಿಂದ, ಹೆಚ್ಚು ಜಗಳವಾಡುವವರಲ್ಲಿ ತೃಪ್ತಿ ಕಡಿಮೆಯೇ ಎಂಬುದು ತಿಳಿದೀತು. ಆದರೆ ಜಗಳದಿಂದ ತೃಪ್ತಿ ಕುಂದಿತೋ, ಮೊದಲೇ ಕುಂದಿದ್ದ ತೃಪ್ತಿ ಜಗಳಕ್ಕೆ ಎಡೆಮಾಡಿತೋ, ಹಣದ ಚಿಂತೆಯಂಥ ಮೂರನೆಯ ಕಾರಣವೊಂದು ಎರಡಕ್ಕೂ ಮೂಲವಾಯಿತೋ ಎಂಬುದನ್ನು ಅದು ಹೇಳಲಾರದು. ಕಾರಣವನ್ನು ಸ್ಥಾಪಿಸಲು ಪ್ರಯೋಗವೇ ಬಲವಾದ ದಾರಿ. ಮನಃಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪರಸ್ಪರ ಅಪರಿಚಿತರಾದವರಿಂದ ಸುಮಾರು 45 ನಿಮಿಷ ಆಪ್ತ ಪ್ರಶ್ನೆಗಳನ್ನೋ ಲಘು ಹರಟೆಯನ್ನೋ ಮಾಡಿಸಿ, ಮೂಡಿದ ಸಾಮೀಪ್ಯವನ್ನು ಹೋಲಿಸಿದ್ದರು. ಸಾಮೀಪ್ಯವನ್ನು ಹಾಗೆ ಬೆಳೆಸಿ ನೋಡಬಹುದು. ಕೆಲವು ಸಂಸಾರಗಳಲ್ಲಿ ಬೇಕೆಂದೇ ಜಗಳ ಹೆಚ್ಚಿಸಿ ನೋಡುವುದು ಮಾತ್ರ ಎಂದಿಗೂ ಸಲ್ಲದು.

ಮನಃಶಾಸ್ತ್ರಜ್ಞರಾದ ಜಾನ್ ಗಾಟ್‌ಮನ್ ಮತ್ತು ರಾಬರ್ಟ್ ಲೆವೆನ್ಸನ್ ವೀಕ್ಷಣೆಯ ದಾರಿ ಹಿಡಿದರು: ದಂಪತಿಗಳು ತಮ್ಮ ನಡುವಿನ ಭಿನ್ನಾಭಿಪ್ರಾಯವೊಂದರ ಬಗ್ಗೆ ಮಾತನಾಡುವುದನ್ನು ಚಿತ್ರೀಕರಿಸಿ, ಅವರ ಹೃದಯ ಬಡಿತವನ್ನು ಅಳೆದು, ವರ್ಷಗಳ ನಂತರ ಅವರನ್ನು ಮತ್ತೆ ಸಂಪರ್ಕಿಸಿದರು. ಅಮೂಲ್ಯವಾದ ವಿಧಾನವಿದು, ಆದರೆ ನಾಲ್ಕು ತಿಂಗಳಿಗೆ ಒಗ್ಗುವುದಿಲ್ಲ.

ನಿಮಗೆ ನಾನು ಸೂಚಿಸುವುದು ದಿನಚರಿ ವಿಧಾನ. ಎರಡು ವಾರ, ಪ್ರತಿ ರಾತ್ರಿ, ಇಬ್ಬರೂ ಬೇರೆಬೇರೆಯಾಗಿ ನಾಲ್ಕೈದು ಪ್ರಶ್ನೆಗಳಿಗೆ ಉತ್ತರಿಸಲಿ. ಇಂದಿನ ಜಗಳಕ್ಕೂ ನಾಳೆಯ ತೃಪ್ತಿಗೂ ನಂಟಿದೆಯೇ ಎಂದು ಆಗ ನೋಡಬಹುದು. ಕಾರಣ ಇದರಿಂದಲೂ ಸಂಪೂರ್ಣ ಸಾಬೀತಾಗದು, ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದಾದರೂ ಸ್ಪಷ್ಟವಾಗುತ್ತದೆ. ತಿಂಗಳ ಹಿಂದಿನ ಜಗಳವನ್ನು ನೆನಪಿನಿಂದ ಹೆಕ್ಕಿಸುವ ತೊಂದರೆಯೂ ತಪ್ಪುತ್ತದೆ. ಆರಂಭದಲ್ಲಿ ಸೂಸಾನ್ ಹೆಂಡ್ರಿಕ್ 1988ರಲ್ಲಿ ಪ್ರಕಟಿಸಿದ, ಸಂಬಂಧದ ತೃಪ್ತಿಯನ್ನು ಅಳೆಯುವ ಏಳು ಪ್ರಶ್ನೆಗಳ ಮಾಪಕವನ್ನು ಬಳಸಬಹುದು. ಲೆಕ್ಕ ಹಾಕುವಾಗ ಒಂದು ಎಚ್ಚರ ಬೇಕು: ನಲವತ್ತು ಜೋಡಿಗಳೆಂದರೆ ಎಂಬತ್ತು ಸ್ವತಂತ್ರ ವ್ಯಕ್ತಿಗಳಲ್ಲ. ಒಬ್ಬರ ಉತ್ತರದಲ್ಲಿ ಇನ್ನೊಬ್ಬರ ನೆರಳಿರುವುದರಿಂದ, ಜೋಡಿಯನ್ನೇ ಘಟಕವೆಂದು ಪರಿಗಣಿಸುವ ವಿಶ್ಲೇಷಣೆ ಅಗತ್ಯ.

ಮಾರ್ಗದರ್ಶಕರು ಒಪ್ಪದಿದ್ದರೆ ಪ್ರಶ್ನಾವಳಿಯನ್ನೇ ಇಬ್ಬರಿಗೂ ಕೊಡಿ, ಶೀರ್ಷಿಕೆಯಲ್ಲಿ ‘ಪರಿಣಾಮ’ವನ್ನು ‘ಸಹಸಂಬಂಧ’ (ಕಾರಣವನ್ನು ಹೇಳದೆ, ಎರಡರ ನಡುವಿನ ನಂಟನ್ನಷ್ಟೇ ಸೂಚಿಸುವ ಪದ) ಎಂದು ತಿದ್ದಿ. ಸಂದರ್ಶನವನ್ನು ನಾನು ಕೀಳೆಂದು ಭಾವಿಸುವುದಿಲ್ಲ. ದಂಪತಿಗಳು ತಮ್ಮ ಜಗಳಕ್ಕೆ ಯಾವ ಅರ್ಥ ಕೊಡುತ್ತಾರೆ ಎಂಬುದು ನಿಮ್ಮ ನಿಜವಾದ ಕುತೂಹಲವಾಗಿದ್ದರೆ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ, ಆದರೆ ಆಗ ಪ್ರಶ್ನೆಯನ್ನೇ ಬದಲಿಸಿಕೊಳ್ಳಬೇಕಾಗುತ್ತದೆ.

ಯಾವುದನ್ನೇ ಆರಿಸಿದರೂ ಒಬ್ಬರು ಹೇಳಿದ್ದು ಇನ್ನೊಬ್ಬರ ಕಿವಿಗೆ ಬೀಳದಂತೆ ನೋಡಿಕೊಳ್ಳಿ. ‘ಜಗಳ’ ಎಂಬ ಪದದ ಹಿಂದೆ ಹೊಡೆತ ಅಡಗಿರಬಹುದು. ಹಾಗೆ ಹೊಡೆತ ತಿನ್ನುತ್ತಿರುವವರನ್ನು ನೆರವಿಗಾಗಿ ಯಾರ ಬಳಿಗೆ ಕಳುಹಿಸಬೇಕೆಂಬುದನ್ನು ನೈತಿಕ ಸಮಿತಿಗೆ ಸಲ್ಲಿಸುವ ಅರ್ಜಿಯಲ್ಲೇ ಬರೆದಿಡಿ.