ಮಂಗನಬಾವು ಕೆಳಗಿಳಿದರೆ ಮಕ್ಕಳಾಗುವುದಿಲ್ಲವೇ?

ಪ್ರಶ್ನೆ: ನನಗೆ 27 ವರ್ಷ. ಎರಡು ತಿಂಗಳ ಹಿಂದೆ ಮಂಗನಬಾವು ಬಂದಿತ್ತು. ಕೆನ್ನೆಯ ಊತ ಇಳಿಯುವ ಹೊತ್ತಿಗೆ ಮತ್ತೆ ಜ್ವರ ಬಂದು ಎಡಗಡೆಯ ಬೀಜ ಊದಿಕೊಂಡಿತು. ಈಗ ನೋವಿಲ್ಲ, ಆದರೆ ಅದು ಚಿಕ್ಕದಾಗಿದೆ ಅನ್ನಿಸುತ್ತಿದೆ. ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ಬಾವು ಕೆಳಗಿಳಿದವನಿಗೆ ಮಕ್ಕಳಾಗಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ಮದುವೆ ಬೇಡ ಅಂದುಬಿಡಲೇ?
– ಹೆಸರು ಬೇಡ, ಹಾವೇರಿ

ಉತ್ತರ: ದಯವಿಟ್ಟು ಹಾಗೆ ಅನ್ನಬೇಡಿ. ಕೆನ್ನೆಯ ಬಾವು ಜಾರಿ ಕೆಳಗೆ ಬರುವುದಲ್ಲ. ವೈರಸ್ ರಕ್ತದ ಮೂಲಕ ವೃಷಣಕ್ಕೆ ತಲುಪುತ್ತದೆ. ಲಸಿಕೆ ಇಲ್ಲದ ವಯಸ್ಕ ಗಂಡಸರಲ್ಲಿ ಮಂಗನಬಾವು ಬಂದ 100 ಮಂದಿಯಲ್ಲಿ 15ರಿಂದ 30 ಮಂದಿಗೆ ಹೀಗಾಗುತ್ತದೆ, ಹೆಚ್ಚಿನವರಿಗೆ ಒಂದೇ ಬದಿಗೆ.

ವೃಷಣದ ಸುತ್ತ ಹಿಗ್ಗದ, ಬಿಗಿಯಾದ ಬಿಳಿ ಪೊರೆ ಇದೆ. ಒಳಗೆ ಊತ ಬಂದಾಗ ಜಾಗ ಸಾಲದೆ ಒತ್ತಡ ಏರಿ, ವೀರ್ಯಾಣು ತಯಾರಾಗುವ ಎಳೆಯಂಥ ನಾಳಗಳು ನಲುಗುತ್ತವೆ. ಹೀಗೆ ಊದಿದ ವೃಷಣಗಳಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಆಮೇಲೆ ಸ್ವಲ್ಪವಾದರೂ ಸೊರಗುತ್ತವೆ. ಆದರೆ ಬಲಗಡೆಯದು ಚೆನ್ನಾಗಿದ್ದರೆ ತಂದೆಯಾಗಲು ಅದೊಂದೇ ಸಾಕು. ಕಷ್ಟ ಹೆಚ್ಚು ಬರುವುದು ಎರಡೂ ಊದಿದವರಿಗೆ. ಅವರಲ್ಲೂ ಪೂರ್ತಿ ಬಂಜೆತನ ಅಪರೂಪ.

ಇನ್ನೊಂದು ತಿಂಗಳು ಬಿಟ್ಟು ವೀರ್ಯ ಪರೀಕ್ಷೆ ಮಾಡಿಸಿ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ, ಹೊರಬರುವ ದಾರಿ ಸವೆಸಲು ಇನ್ನೂ ಒಂದೆರಡು ವಾರ ಬೇಕು. ಈಗ ಕೊಟ್ಟ ಮಾದರಿಯಲ್ಲಿ ಕಾಣುವುದು ಕಾಯಿಲೆಯ ದಿನಗಳ ವೀರ್ಯಾಣು. 2ರಿಂದ 7 ದಿನ ಸ್ಖಲನವಿಲ್ಲದೆ ಇದ್ದು ಹೋಗಿ. ಲ್ಯಾಬ್ ಕೊಟ್ಟ ಡಬ್ಬಿಯಲ್ಲೇ ಹಿಡಿಯಿರಿ. ಎಣ್ಣೆ, ಸೋಪು, ಅಂಗಡಿಯ ಕಾಂಡೋಮ್ ಬೇಡ, ಅವು ವೀರ್ಯಾಣುವನ್ನು ಕೊಲ್ಲುತ್ತವೆ ಇಲ್ಲವೇ ಚಲನೆ ಕೆಡಿಸುತ್ತವೆ. ಮೊದಲ ಹನಿಗಳಲ್ಲೇ ವೀರ್ಯಾಣು ಹೆಚ್ಚು. ಅವು ಚೆಲ್ಲಿದ್ದರೆ ಮುಚ್ಚಿಡದೆ ಹೇಳಿ. ಮನೆಯಿಂದ ತರುವುದಾದರೆ ಡಬ್ಬಿಯನ್ನು ಅಂಗಿಯ ಒಳಗೆ ಮೈಗೆ ತಾಗಿಸಿಕೊಂಡು ಅರ್ಧ ಗಂಟೆಯೊಳಗೆ ತಲುಪಿಸಿ.

ವರದಿಯಲ್ಲಿ ವೀರ್ಯಾಣು ಮಿಲಿಲೀಟರಿಗೆ 1.6 ಕೋಟಿ, ಒಟ್ಟು 3.9 ಕೋಟಿ, ಚಲಿಸುವವು ಶೇ. 42 – ಇವು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳ ಅಂಚು. ಇದಕ್ಕಿಂತ ಕಡಿಮೆ ಬಂದರೂ ಗಾಬರಿ ಬೇಡ, ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ. ಸೊನ್ನೆ ಬಂದರೆ ಎಫ್‌ಎಸ್‌ಎಚ್, ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನುಗಳ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡುತ್ತಾರೆ. ಸೊನ್ನೆಯೂ ಕೊನೆಯ ಮಾತಲ್ಲ: ವೃಷಣದೊಳಗಿನಿಂದಲೇ ವೀರ್ಯಾಣು ತೆಗೆದು ಐಸಿಎಸ್‌ಐ ವಿಧಾನದಲ್ಲಿ (ಲ್ಯಾಬಿನಲ್ಲಿ ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಸೇರಿಸುವುದು) ಮಗು ಪಡೆದವರಿದ್ದಾರೆ. ಪ್ರತಿ ವರದಿಯಲ್ಲೂ ಸಂಖ್ಯೆ ಇಳಿಯುತ್ತಿದ್ದರೆ ಈಗಲೇ ವೀರ್ಯ ಶೈತ್ಯೀಕರಿಸಿ ಇಡಿಸಿ. ಮದುವೆಯ ಮಾತನ್ನು ವರದಿ ಕೈಗೆ ಬಂದ ಮೇಲೆ ಹುಡುಗಿಯ ಹತ್ತಿರ ನೇರವಾಗಿ ಆಡಿ. ಅದು ಅವಳಿಗೂ ತಿಳಿದಿರಬೇಕಾದ ವಿಷಯ.

ಪ್ರಶ್ನೆ: ಮದುವೆಯಾಗಿ ಮೂರು ವರ್ಷ, ಮಕ್ಕಳಿಲ್ಲ. ಹೋದ ತಿಂಗಳು ಡೆಂಗಿ ಜ್ವರ ಬಂದಿತ್ತು. ಈಗಿನ ವರದಿಯಲ್ಲಿ ವೀರ್ಯಾಣು ಮಿಲಿಲೀಟರಿಗೆ 60 ಲಕ್ಷ ಮಾತ್ರ. ಔಷಧಿ ಶುರು ಮಾಡಲೇ?
– ಓದುಗರು, ತುಮಕೂರು

ಉತ್ತರ: ಈ ಒಂದು ವರದಿ ನಂಬಿ ಏನನ್ನೂ ಶುರು ಮಾಡಬೇಡಿ. ವೃಷಣ ಮೈಗಿಂತ 2ರಿಂದ 4 ಡಿಗ್ರಿ ತಂಪಾಗಿರಬೇಕು, ಅದಕ್ಕೇ ಅದು ಹೊರಗೆ ತೂಗಿದೆ. ಮೂರು ನಾಲ್ಕು ದಿನ ಸುಡುವ ಜ್ವರ ಬಂದರೆ, ಯಾವ ವೈರಸ್ಸಿನದಾದರೂ ಸರಿ, ಆಗ ತಯಾರಾಗುತ್ತಿದ್ದ ವೀರ್ಯಾಣು ಹಾಳಾಗುತ್ತವೆ. ಕೋವಿಡ್‌ನಲ್ಲೂ ಹೀಗೇ ಆಗಿತ್ತು, ಬಹುತೇಕರಿಗೆ ತಿಂಗಳುಗಳಲ್ಲಿ ಸರಿಹೋಯಿತು. ಕೋವಿಡ್ ಲಸಿಕೆಯಿಂದ ಮಾತ್ರ ವೀರ್ಯಾಣು ಕಡಿಮೆಯಾಗುವುದಿಲ್ಲ. ಜ್ವರ ಬಿಟ್ಟ ದಿನದಿಂದ ಮೂರು ತಿಂಗಳು ಎಣಿಸಿ ಮತ್ತೆ ಪರೀಕ್ಷಿಸಿ, ಡಾಕ್ಟರಿಗೆ ಜ್ವರದ ದಿನಾಂಕ ಹೇಳಿ. ಜ್ವರಕ್ಕಿಂತ ಮೊದಲೂ ಮೂರು ವರ್ಷ ಕಳೆದಿರುವುದರಿಂದ, ಇಬ್ಬರ ತಪಾಸಣೆಯೂ ಒಟ್ಟಿಗೇ ನಡೆಯಲಿ. ಪತ್ನಿಯೊಬ್ಬರನ್ನೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸುವುದು ಅನ್ಯಾಯ.

ಪ್ರಶ್ನೆ: ಮಗನಿಗೆ 16 ವರ್ಷ, ನಿನ್ನೆಯಿಂದ ಮಂಗನಬಾವು. ಮುಂದೆ ತೊಂದರೆ ಆಗದಂತೆ ಏನು ಮಾಡಲಿ?
– ಗೃಹಿಣಿ, ಸಾಗರ

ಉತ್ತರ: ಐದು ದಿನ ಶಾಲೆಗೆ ಕಳಿಸಬೇಡಿ. ಎರಡು ವಾರ ದಿನವೂ 'ಕೆಳಗೆ ನೋವಿದೆಯಾ' ಎಂದು ನೀವೋ ಅವನ ಅಪ್ಪನೋ ಬಾಯಿಬಿಟ್ಟು ಕೇಳಿ, ಹುಡುಗರು ನಾಚಿಕೆಗೆ ಹೇಳುವುದಿಲ್ಲ. ಊದಿದರೆ ಡಾಕ್ಟರಿಗೆ ತೋರಿಸಿ. ಮಲಗಿರಲಿ, ಲಂಗೋಟಿ ಅಥವಾ ಬಿಗಿ ಚಡ್ಡಿ ವೃಷಣವನ್ನು ಎತ್ತಿ ಹಿಡಿಯಲಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು 10–15 ನಿಮಿಷ ಇಡಿ, ನೋವಿಗೆ ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಕೊಡಿ. ಆಂಟಿಬಯಾಟಿಕ್ ವೈರಸ್ಸಿಗೆ ನಾಟುವುದಿಲ್ಲ. ಸ್ಟೀರಾಯ್ಡ್ ನೋವು ತಗ್ಗಿಸಬಹುದು, ಆದರೆ ವೃಷಣ ಸೊರಗುವುದನ್ನು ತಡೆಯುತ್ತದೆ ಎಂದು ಸಾಬೀತಾಗಿಲ್ಲ.

ಒಂದು ಎಚ್ಚರ: ನೋವು ಇದ್ದಕ್ಕಿದ್ದಂತೆ ಒಂದೇ ಕಡೆ ಸಹಿಸಲಾರದಷ್ಟು ಬಂದು ವಾಂತಿಯಾದರೆ ಅದು ಮಂಗನಬಾವೆಂದು ಕಾಯಬೇಡಿ. ವೃಷಣ ತಿರುಚಿಕೊಂಡಿರಬಹುದು. ಆರು ಗಂಟೆಯೊಳಗೆ ಆಪರೇಷನ್ ಆಗದಿದ್ದರೆ ಅದನ್ನು ಉಳಿಸುವುದು ಕಷ್ಟ, ನಡುರಾತ್ರಿಯಾದರೂ ಹೊರಡಿ.

ಮನೆಯ ಚಿಕ್ಕ ಮಕ್ಕಳ ಲಸಿಕೆ ಕಾರ್ಡು ತೆಗೆದು ನೋಡಿ. ಸರ್ಕಾರಿ ಎಂಆರ್ ಲಸಿಕೆ ದಡಾರ, ರುಬೆಲ್ಲಾಕ್ಕೆ ಮಾತ್ರ; ಮಂಗನಬಾವಿನ ರಕ್ಷಣೆ ಇರುವುದು ಎಂಎಂಆರ್‌ನಲ್ಲಿ. ಅದು ಕಾರ್ಡಿನಲ್ಲಿ ಇಲ್ಲದಿದ್ದರೆ ಮಕ್ಕಳ ಡಾಕ್ಟರನ್ನು ಕೇಳಿ ಹಾಕಿಸಿ.